ಹೋಗ್ಯಾನ ಅಂದಿದ್ದಕ್ಕೆ

ಬೀದರಿನಿಂದ ಬರುವ ಬಸ್ಸು ಅವತ್ತು ದಾರಿಯಲ್ಲಿ ಕೆಟ್ಟು ನಿಂತಿತ್ತು. ನಾನು ಜಹೀರಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಬ್ಯಾಂಕು ತೆರೆದು ಬಹಳ ಹೊತ್ತಾಗಿತ್ತು. ತಡವಾಗಿ ಬಂದವರಿಗೆ ಕಾಣಲೆಂದೇ ಮ್ಯಾನೇಜರು ಹಾಜರಿ ಪುಸ್ತಕವನ್ನು ತಮ್ಮ ಮೇಜಿನ ನಡುಮಧ್ಯೆ ಇಟ್ಟುಕೊಂಡು ಕೂಡುತ್ತಿದ್ದರು. ಅದನ್ನು ನೆನೆದು ಬಸ್ಸನ್ನೂ ಮ್ಯಾನೇಜರನ್ನೂ ಮನಸ್ಸಿನಲ್ಲೇ ಬೈಯುತ್ತ ಬಿರಬಿರನೆ ಹೆಜ್ಜೆ ಹಾಕಿದೆ. ನ್ಯಾಲ್ಕಲ್ ಕಡೆ ಹೋಗುವ ಜೀಪಿನ ಸುತ್ತ ಜನ ಸೇರಿದ್ದರು. ಇಬ್ಬರು ಹೆಂಗಸರು ಮೂರನೆಯವಳ ರಟ್ಟೆ ಹಿಡಿದು ಒಳಗೆ ಹತ್ತಿಸುತ್ತಿದ್ದರು. ಅವಳ ಮುಖ ಸೆರಗಿನೊಳಗಿತ್ತು, ಅಳುವ ದನಿ ಮಾತ್ರ ಆಚೆ ರಸ್ತೆಯವರೆಗೂ ಕೇಳುತ್ತಿತ್ತು. ದವಾಖಾನೆಯಲ್ಲಿ ಯಾರೋ ತೀರಿಕೊಂಡಿರಬೇಕು ಅಂದುಕೊಂಡು ನಾನು ಮುಂದೆ ನಡೆದೆ.

ಬ್ಯಾಂಕಿನೊಳಗೆ ಒಬ್ಬರೂ ಕೆಲಸ ಮಾಡುತ್ತಿರಲಿಲ್ಲ. ನಾನು ಕೂಡುವ ಉಳಿತಾಯ ಖಾತೆಯ ಕೌಂಟರಿನ ಮುಂದೆ ಚಪರಾಸಿ ಕಸಬರಿಗೆ ಹಿಡಿದು ನಿಂತಿದ್ದ. ತಾಂಡೂರು ಕಲ್ಲಿನ ನೆಲದ ಮೇಲೆ ಹಸಿರು ಗಾಜಿನ ಚೂರುಗಳು ಬಿದ್ದಿದ್ದವು. "ಯಾರ ಬಳಿ ಒಡದಾವೋ ಇವು?" ಅಂದುಬಿಟ್ಟೆ. ಹಾಗನ್ನಬಾರದು, ಬಳೆ ಹೆಚ್ಚಿದವು ಅನ್ನಬೇಕು ಎಂದು ನಮ್ಮವ್ವ ಚಿಕ್ಕಂದಿನಿಂದ ತಿದ್ದಿದ್ದಾಳೆ. ಬಾಯಿಂದ ಬಂದದ್ದು ಬಂದುಬಿಟ್ಟಿತ್ತು.

"ನಿಮ್ಮ ಕುರಿಮಂದಿ ಬಾಯೀದು ರೀ ಮೇಡಂ," ಅಂದ ಚಪರಾಸಿ. "ಆಕಿ ಗಂಡ ಸತ್ತಾನ. ಅಂದ್ರ, ಸತ್ತಾನ ಅಂತ ಇಲ್ಲಿ ಬಂದ ಮ್ಯಾಲೆ ಆಕಿಗಿ ಗೊತ್ತಾತು."

ಈ ಮಾತಿನ ತಲೆಬುಡ ನನಗೆ ತಿಳಿಯಲಿಲ್ಲ. ಆದರೆ ಕುರಿಮಂದಿ ಬಾಯಿ, ಅಂದರೆ ಕುರಿಮಂದೆಯ ಆ ಹೆಂಗಸು, ಯಾರೆಂದು ಗೊತ್ತಿತ್ತು. ನ್ಯಾಲ್ಕಲ್ ಆಚೆಯ ಒಂದು ಹಳ್ಳಿಯವಳು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ನಮ್ಮಲ್ಲಿ ಒಂದು ಖಾತೆ. ಗಂಡ ಕನ್ನಡದಲ್ಲಿ ಸಹಿ ಹಾಕುತ್ತಿದ್ದ, ಅವಳದು ಹೆಬ್ಬೆಟ್ಟು. ಕೌಂಟರಿನಲ್ಲಿ ಕನ್ನಡ ಮಾತಾಡುವವಳು ನಾನೊಬ್ಬಳೇ ಆದ್ದರಿಂದ ಎಷ್ಟು ಹೊತ್ತಾದರೂ ನನ್ನ ಸರತಿಗೇ ಕಾಯುತ್ತಿದ್ದಳು. ದೀಪಾವಳಿ ಮುಗಿದ ಮೇಲೆ ಗಂಡ ಕುರಿ ಹೊಡೆದುಕೊಂಡು ಮಾಂಜ್ರಾ ಹೊಳೆಯ ಆಚೆ ಹೋಗುತ್ತಾನೆ. ಅಲ್ಲಿ ರೈತರ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತ ಊರೂರು ತಿರುಗಿ, ಯುಗಾದಿಗೆ ಮುಂಚೆ ಮನೆಗೆ ಬರುತ್ತಾನೆ. ಈ ಸಲ ದೊಡ್ಡ ಮಗಳು ಚೊಚ್ಚಿಲ ಬಸುರಿ. ಅವಳ ಕುಬಸಕ್ಕೆ ಸೀರೆ, ಬಳೆ, ಕುಬಸದ ಖಣ ತರಬೇಕೆಂದು ನನಗೆ ಹಿಂದೊಮ್ಮೆ ಹೇಳಿದ್ದಳು. ತವರಿನಲ್ಲಿ ಮಗಳಿಗೆ ಹೊಸ ಬಳೆ ಇಡಿಸಿ ಉಡಿ ತುಂಬುವ ಕೆಲಸ ತಾಯಿಯದು. ಆ ದಿನವನ್ನು ಅವಳು ಬೆರಳು ಮಡಚಿ ಎಣಿಸುತ್ತಿದ್ದಳು.

ಅಕೌಂಟೆಂಟರು ತಲೆಗೆ ಕೈ ಕೊಟ್ಟು ಕೂತಿದ್ದರು. ಸಮುದ್ರದ ಕಡೆಯ ಜಿಲ್ಲೆಯಿಂದ ನಮ್ಮ ಶಾಖೆಗೆ ಹೊಸದಾಗಿ ಬಂದವರು. ಒಳ್ಳೆಯ ಮನುಷ್ಯ, ಯಾರಿಗೂ ಗದರಿದವರಲ್ಲ. ಅವರು ಆಡುತ್ತಿದ್ದದ್ದು ತೆಲುಗು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅವಳೇ ಬಂದು ಹೇಳಿದ್ದು ಮೇಡಂ," ಅಂದರು. "ನೀವು ಹೈದರಾಬಾದಿಗೆ ತರಬೇತಿಗೆ ಹೋಗಿದ್ದಿರಲ್ಲ, ಆಗ ಹಣ ತೆಗೆಯಲು ಬಂದಿದ್ದಳು. ಗಂಡ ತೀರಿಕೊಂಡಿದ್ದಾನೆ ಅಂದಳು. ಪಾಪ ಅಂತ ಕುರ್ಚಿ ಹಾಕಿಸಿ ನೀರು ಕೊಡಿಸಿದೆ. ಮರಣದ ಸರ್ಟಿಫಿಕೇಟು ತಂದರೆ ಅವನ ಹೆಸರು ತೆಗೆದು ಮುಂದಿನದು ನೋಡೋಣ ಅಂತ ಕಳಿಸಿದೆ. ಇವತ್ತು ಸರಪಂಚನಿಂದ ಏನೋ ಒಂದು ಚೀಟಿ ಹಿಡಿದು ಬಂದಳು. ಇದಲ್ಲ, ಸತ್ತದ್ದಕ್ಕೆ ಸರ್ಟಿಫಿಕೇಟು ಅಂದೆ. ಅವಳಿಗೆ ನನ್ನ ಮಾತು ತಿಳಿಯಲಿಲ್ಲವೆಂದು ಚಪರಾಸಿಯನ್ನು ಕರೆದು ಹೇಳಿಸಿದೆ."

"ನಾ ಹೇಳೀನ್ರಿ," ಅಂದ ಚಪರಾಸಿ, ಕಸಬರಿಗೆ ಹಿಡಿದುಕೊಂಡೇ. ಗಿರಾಕಿಗಳ ಜೊತೆ ಅವನದು ಯಾವಾಗಲೂ ದಖ್ಖನಿ ಉರ್ದು, ಇದನ್ನೂ ಅದರಲ್ಲೇ ಹೇಳಿದ್ದ: "ತುಮಾರಾ ಮರ್ದ್ ಗುಜರ್ ಗಯಾ ಸೋ ಕಾಗದ್ ಹೋನಾ ಕತೆ." ನಿನ್ನ ಗಂಡ ತೀರಿಕೊಂಡ ಕಾಗದ ಬೇಕಂತೆ ಎಂದು. ಅವಳು ಒಂದು ಗಳಿಗೆ ಅವನ ಮುಖವನ್ನೇ ನೋಡಿ, ಆಮೇಲೆ ಎರಡೂ ಕೈ ಎತ್ತಿ ಕೌಂಟರಿನ ಕಲ್ಲಿಗೆ ಬಡಿದಳಂತೆ.

"ಅವಳು ನಿಮಗೆ ಹೇಳಿದ್ದು ಯಾವ ಮಾತು ಸರ್?" ಅಂತ ಕೇಳಿದೆ. "ಅರ್ಥ ಬೇಡ. ಬಾಯಿಂದ ಬಂದ ಮಾತು ಹೇಳಿ."

ಅವರು ನೆನಪು ಮಾಡಿಕೊಂಡರು. "ನಿಮ್ಮವರೆಲ್ಲಿ ಅಂದೆ. ಪೋಯಿಂಡು ಸಾರ್ ಅಂದಳು."

ನಮ್ಮ ಕಡೆ ಕನ್ನಡದಲ್ಲಿ ಹೋಗ್ಯಾನ, ನಮ್ಮ ಕಡೆ ತೆಲುಗಿನಲ್ಲಿ ಪೋಯಿಂಡು. ಎರಡಕ್ಕೂ ಅರ್ಥ ಒಂದೇ: ಮನುಷ್ಯ ಊರಲ್ಲಿಲ್ಲ, ಎಲ್ಲಿಗೋ ಹೋಗಿದ್ದಾನೆ. ಅಕೌಂಟೆಂಟರ ಊರ ತೆಲುಗಿನಲ್ಲಿ ಹೋಗುವುದಕ್ಕೆ ಬೇರೆ ಮಾತಿದೆ, ವೆಳ್ಳಾಡು ಅನ್ನುತ್ತಾರೆ. ನಮ್ಮ ಪೋಯಿಂಡು ಅವರಲ್ಲಿ ಪೋಯಾಡು, ಒಬ್ಬ ಪೋಯಾಡು ಅಂದರೆ ಅವನ ಕಥೆ ಮುಗಿಯಿತೆಂದೇ ಲೆಕ್ಕ.

"ಎಪ್ಪುಡು, ಯಾವಾಗ ಅಂತ ಕೇಳಿದೆ," ಅಕೌಂಟೆಂಟರು ಹೇಳುತ್ತಲೇ ಇದ್ದರು. "ದೀಪಾವಳಿ ಆದ ಮೇಲೆ ಅಂದಳು. ಹೇಗೆ ಅಂದೆ. ಗೊರ್ರೆಲ ತೋಟಿ ಪೋಯಿಂಡು ಅಂದಳು. ಕುರಿಗಳ ಜೊತೆಗೇ ಹೋದ ಅಂತ. ಬೊಂಬಾಯಿ ರಸ್ತೆಯಲ್ಲಿ ಲಾರಿಯೊಂದು ಕುರಿಮಂದೆಗೆ ನುಗ್ಗಿದ ಸುದ್ದಿ ಆಗತಾನೆ ಎಲ್ಲರ ಬಾಯಲ್ಲಿತ್ತು. ಅದೇ ಅಂದುಕೊಂಡೆ. ಇನ್ನೂ ಏನೋ ಅಂದಳು, ಏಟಾ ಪೋತಡು ಅಂತ. ದುಃಖದಲ್ಲಿ ತಲೆ ಕೆಟ್ಟು ಆಡುತ್ತಿದ್ದಾಳೆ ಅಂತ ನಾನೂ ಹೆಚ್ಚು ಕೇಳಲಿಲ್ಲ."

ಏಟಾ ಪೋತಡು ಅಂದರೆ ವರ್ಷಾ ವರ್ಷಾ ಹೋಗುತ್ತಾನೆ ಎಂದು. ವರ್ಷಾ ವರ್ಷಾ ಸಾಯುವ ಗಂಡ ಯಾವ ಊರಲ್ಲಾದರೂ ಇದ್ದಾನೆಯೇ? ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಅವತ್ತು ಕುರ್ಚಿ ಎಳೆದುಕೊಂಡು ಕೂತೆ.

"ಸರ್, ಅವಳ ಹಣೆಯ ಮೇಲೆ ಇಷ್ಟು ದೊಡ್ಡ ಕುಂಕುಮ ಇತ್ತಲ್ಲ. ಎರಡೂ ಕೈ ತುಂಬ ಹಸಿರು ಬಳೆ ಇದ್ದವಲ್ಲ."

ಅವರು ಮೇಜಿನ ಮೇಲಿದ್ದ ಶಾಯಿಪ್ಯಾಡಿನ ಮುಚ್ಚಳ ಮುಚ್ಚಿದರು. "ಹೆಬ್ಬೆಟ್ಟು ಒತ್ತಿಸುವಾಗ ಬೆರಳನ್ನೇ ನೋಡಿದೆ ಮೇಡಂ. ಕೈ ನೋಡಲಿಲ್ಲ."

ಲೆಡ್ಜರು ತೆರೆದು ನೋಡಿದೆ. ಅವಳ ಗಂಡನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಮೃತ ಎಂದು ಇಂಗ್ಲಿಷಿನಲ್ಲಿ ಬರೆದು, ಖಾತೆಯ ವ್ಯವಹಾರ ನಿಲ್ಲಿಸಿದೆ ಅಂತ ಒಂದು ಗೆರೆ ಎಳೆದಿತ್ತು. ಅದರ ಮೇಲ್ಗಡೆಯೇ ಖಾತೆ ತೆರೆದ ದಿನದ ಷರತ್ತು ನನ್ನದೇ ಅಕ್ಷರದಲ್ಲಿತ್ತು: ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು ಹಣ ತೆಗೆಯಬಹುದು. ಅಂದರೆ ಗಂಡ ಇದ್ದರೂ ಅವಳಿಗೆ ಹಣ ಕೊಡಬೇಕಿತ್ತು, ಸತ್ತಿದ್ದರೂ ಕೊಡಬೇಕಿತ್ತು. ನಾವು ಎರಡರಲ್ಲಿ ಒಂದನ್ನೂ ಮಾಡದೆ ಅವಳನ್ನು ಎರಡು ಸಲ ಅಲೆದಾಡಿಸಿ, ಮೂರನೆಯದಾಗಿ ಅವಳ ಗಂಡನನ್ನು ಕೊಂದಿದ್ದೆವು.

ಮ್ಯಾನೇಜರ ಕೋಣೆಗೆ ಹೋದೆ. ಅವರು ಎಲ್ಲ ಕೇಳಿಸಿಕೊಂಡು ಹಾಜರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಖಾತೆಯಲ್ಲಿ ಒಮ್ಮೆ ದಾಖಲಾದದ್ದನ್ನು ಬಾಯಿಮಾತಿನ ಮೇಲೆ ತೆಗೆಯಲಾಗುವುದಿಲ್ಲ, ಖಾತೆದಾರನೇ ಅರ್ಜಿ ಕೊಡಬೇಕು, ಅದನ್ನು ಮೇಲಿನ ಕಚೇರಿಗೆ ಕಳಿಸಬೇಕು ಎಂದರು.

"ಬಾಯಿಮಾತಿನ ಮೇಲೆ ಹಾಕಬಹುದಿತ್ತೇ ಸರ್?" ಅಂದೆ.

ಅವರು ಹಾಜರಿ ಪುಸ್ತಕ ಮುಚ್ಚಿದರು. ಆ ಹೆಂಗಸಿಗೆ ಒಂದು ಕಾರ್ಡು ಬರೆದು ಹಾಕಿ, ಬ್ಯಾಂಕಿಗೆ ಬರಲಿ, ವಿಚಾರಿಸೋಣ ಎಂದರು. ಕಾರ್ಡು ಆ ಹಳ್ಳಿಗೆ ಮುಟ್ಟುವಷ್ಟರಲ್ಲಿ ಅವಳ ತಾಳಿಯನ್ನು ಕಿತ್ತಿರುತ್ತಾರೆ ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ನಾನು ಅಲ್ಲೇ ನಿಂತು ಅರ್ಧ ದಿನದ ರಜೆ ಬರೆದುಕೊಟ್ಟೆ. ಮಂಜೂರು ಮಾಡುತ್ತಾರೋ ಇಲ್ಲವೋ ಕೇಳುವುದಕ್ಕೆ ನಿಲ್ಲಲಿಲ್ಲ.

ಮುಂದಿನ ಜೀಪು ತುಂಬುವ ತನಕ ಡ್ರೈವರು ಹೊರಡಲಿಲ್ಲ. ತುಂಬಿದ ಮೇಲೂ ಇನ್ನಿಬ್ಬರು ಹಿಂದೆ ಜೋತುಬಿದ್ದರು. ನಾನು ಎರಡು ಕೋಳಿಬುಟ್ಟಿಗಳ ನಡುವೆ ಮೊಣಕಾಲು ಮಡಚಿ ಕೂತಿದ್ದೆ. ಊರು ದಾಟುವ ಮೊದಲೇ ಸುದ್ದಿ ನಮ್ಮ ಜೀಪಿನೊಳಗೇ ಇತ್ತು.

"ಬ್ಯಾಂಕಿಗಿ ಫೋನ್ ಬಂದಿತ್ತಂತ," ಅಂದ ಒಬ್ಬ ಮುದುಕ. "ಹೈದರಾಬಾದ್ಲಿಂದ."

"ಲಾರಿ ಹಾದಾದಂತ್ರಿ. ಮಂದ್ಯಾಗಿನ ಅರ್ಧಾ ಕುರಿ ಅಲ್ಲೇ ಸತ್ತಾವಂತ," ಅಂದಳು ಕೋಳಿಬುಟ್ಟಿಯವಳು.

"ಬ್ಯಾಂಕಿನ್ಯಾರು ಸುಳ್ಳ ಹೇಳತಾರೇನು? ಅವರಿಗಿ ಎಲ್ಲಾ ಮೊದಲ ಗೊತ್ತಾಗತಾದ."

ಜೀಪು ಮುಂದೆ ಹೋದಂತೆ ಲಾರಿಗೆ ಬಣ್ಣ ಬಂತು. ಅದರ ಡ್ರೈವರು ಓಡಿಹೋದ. ಸಾಯುವ ಮುಂಚೆ ಆ ಮನುಷ್ಯ ನೀರು ಕೇಳಿದನೆಂದು ಕೂಡ ಯಾರೋ ಹೇಳಿದರು. ನಮ್ಮ ಅಕೌಂಟೆಂಟರ ಕೆಂಪು ಶಾಯಿಯ ಒಂದು ಪದಕ್ಕೆ ಇವರೆಲ್ಲ ಸೇರಿ ಮೈ ಕೊಟ್ಟಿದ್ದರು. ನಾನು ಬ್ಯಾಂಕಿನವಳು, ಅದು ಸುಳ್ಳು ಎಂದು ಹೇಳಿದೆ. ಅವರು ನನ್ನನ್ನು ಮರುಕದಿಂದ ನೋಡಿದರು. ನನಗಿನ್ನೂ ಗೊತ್ತಾಗಿಲ್ಲ ಅಂದುಕೊಂಡಿರಬೇಕು.

ಅವಳ ಮನೆಯ ಅಂಗಳದಲ್ಲಿ ಹೆಂಗಸರು ತುಂಬಿದ್ದರು. ಅವಳು ಗೋಡೆಗೆ ಒರಗಿ ಕೂತಿದ್ದಳು. ಒಂದು ಕೈ ಪೂರ್ತಿ ಬರಿದಾಗಿತ್ತು. ಇನ್ನೊಂದರಲ್ಲಿ ಎರಡೋ ಮೂರೋ ಬಳೆ ಉಳಿದಿದ್ದವು. ಮುಂಗೈ ಗೀಚಿ ರಕ್ತ ಒಣಗಿತ್ತು. ಬಸುರಿ ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಹೊಸ್ತಿಲಲ್ಲಿ ಅವಳ ಅತ್ತೆ ಕೂತಿದ್ದಳು. ಎಲುಬು ಚರ್ಮ ಒಂದಾದ ಮುದುಕಿ. ಅವಳೊಬ್ಬಳ ಕಣ್ಣಲ್ಲಿ ನೀರಿರಲಿಲ್ಲ.

"ನನ್ನ ಮಗನ ಮಾರಿ ನೋಡೋತನ ಆಕಿ ತಾಳಿಗಿ ಯಾರೂ ಕೈ ಹಚ್ಚಬ್ಯಾಡ್ರಿ ಅಂದೀನಿ," ಅಂದಳು, ನಾನು ಯಾರೆಂದು ಕೇಳುವ ಮುಂಚೆಯೇ.

ನಾನು ನೆಲದ ಮೇಲೆ ಕೂತು ಹೇಳಿದೆ. ಬ್ಯಾಂಕಿಗೆ ಯಾವ ಫೋನೂ ಬಂದಿಲ್ಲ, ಯಾವ ಲಾರಿಯ ಸುದ್ದಿಯೂ ಇಲ್ಲ. ಹೋಗ್ಯಾನ ಅನ್ನುವುದನ್ನು ನಮ್ಮ ಸಾಹೇಬರು ಸತ್ತಾನ ಎಂದು ತಿಳಿದರು, ಅಷ್ಟೇ.

ಅವಳು ಗೋಡೆಯಿಂದ ಎದ್ದು ನನ್ನ ಹತ್ತಿರ ಬಂದಳು. "ಹಂಗಾದ್ರ ಆಂವ ಜೀವಂತ ಅದಾನೇನ್ರಿ ಅಕ್ಕಾರ?"

ಈ ಪ್ರಶ್ನೆ ಬರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಹೌದು ಅನ್ನಲು ನಾಲಿಗೆ ಹೊರಳಿತ್ತು. ಆದರೆ ಆ ಹೊತ್ತಿನಲ್ಲಿ ಅವನು ಎಲ್ಲಿದ್ದಾನೆ, ಹೇಗಿದ್ದಾನೆ ನನಗೇನು ಗೊತ್ತು? ರಸ್ತೆಯಲ್ಲಿ ಲಾರಿ ಮಂದೆಗೆ ನುಗ್ಗಿದ್ದು ನಿಜ. ಅದು ಯಾರ ಮಂದೆಯೆಂದು ನಾವ್ಯಾರೂ ವಿಚಾರಿಸಿರಲಿಲ್ಲ.

"ಬ್ಯಾಂಕಿಗಿ ಏನೂ ಗೊತ್ತಿಲ್ಲವ್ವಾ," ಅಂದೆ.

"ಗೊತ್ತಿಲ್ಲದ ಮ್ಯಾಲೆ ಹ್ಯಾಂಗ ಬರದ್ರಿ?"

ಇಷ್ಟು ವರ್ಷದ ನೌಕರಿಯಲ್ಲಿ ಬೇಕಾದಷ್ಟು ಬೈಗುಳ ತಿಂದಿದ್ದೇನೆ. ಕೌಂಟರಿನ ಮೇಲೆ ಪಾಸ್‌ಬುಕ್ ಬಿಸಾಡಿದವರಿದ್ದಾರೆ, ನನ್ನ ನೌಕರಿ ತೆಗೆಸುತ್ತೇನೆ ಅಂದವರಿದ್ದಾರೆ. ಯಾವುದೂ ಈ ಮಾತಿನಷ್ಟು ನಾಟಿರಲಿಲ್ಲ.

ಆಗ ಮುದುಕಿ ಬಾಯಿ ತೆರೆದಳು. ನನಗಲ್ಲ, ಸೊಸೆಗೆ. "ಬರೇ ಹೋಗ್ಯಾನ ಅಂದ್ಯಾ? ಮನಿ ಗಂಡಸು ದಾರಿ ಹಿಡದಾಗ ಹೋಗಿ ಬರತಾನ ಅನಬೇಕು ಅಂತ ನಿಮ್ಮವ್ವ ಕಲಸಲಿಲ್ಲೇನ ನಿನಗ? ನೀನೇ ಬಾಯಿ ಬಿಟ್ಟು ಕಳಿಸೀದಿ. ಸರಕಾರದ ಬ್ಯಾಂಕಿನಾಗ ನಿಂತು ಬಳಿ ಹೆಚ್ಚಿಸಿಕೊಂಡು ಬಂದೀದಿ. ನನ್ನ ಮಗಗ ಏನರೆ ಆಗಿದ್ರ, ಅದು ನಿನ್ನ ನಾಲಿಗಿಂದ ಆಗ್ಯಾದ."

ಅಂಗಳದ ಹೆಂಗಸರೆಲ್ಲ ಹೌದೆಂದು ತಲೆ ಆಡಿಸಿದರು. ನಾನು ದಂಗಾಗಿಹೋದೆ. ತಪ್ಪು ಮಾಡಿದ್ದು ನಾವು, ಅದನ್ನು ಹೇಳಿಕೊಳ್ಳಲೆಂದೇ ಇಷ್ಟು ದೂರ ಬಂದಿದ್ದೆ. ಹೇಳಿದ ಕೂಡಲೇ ಅದು ನನ್ನ ಕಣ್ಣೆದುರೇ ಅವಳ ತಲೆಗೆ ಕ್ಷಣದಲ್ಲಿ ದಾಟಿಹೋಯಿತು. ಅವಳ ತಪ್ಪೇನೂ ಇಲ್ಲ ಆಯಿ ಎಂದು ಎಷ್ಟು ಹೇಳಿದರೂ ಮುದುಕಿ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಸೊಸೆಯ ಮೈದುನ ಇನ್ನೊಬ್ಬನನ್ನು ಕಟ್ಟಿಕೊಂಡು ಅಣ್ಣನನ್ನು ಹುಡುಕಲು ಹೊಳೆಯ ಕಡೆ ಹೊರಟ. ನಾನು ಬೀದರಿನ ಕಡೆಯ ಬಸ್ಸು ಹಿಡಿದೆ.

ಆಮೇಲಿನ ದಿನಗಳಲ್ಲಿ ಬ್ಯಾಂಕಿನಲ್ಲಿ ಯಾರಿಗೂ ಕೆಲಸ ಸರಿಯಾಗಿ ಸಾಗಲಿಲ್ಲ. ಅಕೌಂಟೆಂಟರು ಬೆಳಿಗ್ಗೆ ಬಂದ ಕೂಡಲೇ ನನ್ನ ಮುಖ ನೋಡುವರು. ನಾನು ಇಲ್ಲ ಎಂದು ತಲೆಯಾಡಿಸುವೆ. ಅವರು ಹೋಗಿ ತಮ್ಮ ಜಾಗದಲ್ಲಿ ಕೂಡುವರು. ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಒಯ್ಯುತ್ತಿದ್ದರು. ಹೊಳೆಯಾಚೆಯ ನಾರಾಯಣಖೇಡದಿಂದ ಯಾರೇ ಬಂದರೂ ನಾನು ಕುರಿಮಂದೆಯ ಸುದ್ದಿ ಕೇಳುತ್ತಿದ್ದೆ. ಎಲ್ಲರೂ ಒಂದೊಂದು ಮಂದೆ ನೋಡಿದ್ದರು. ಅದು ಯಾರದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ನಾನು ಲೆಡ್ಜರಿನಲ್ಲಿ ತಲೆ ಹುದುಗಿಸಿದ್ದಾಗ ಕೌಂಟರಿನ ಆಚೆಯಿಂದ ಕುರಿಯ ಕಂಬಳಿಯ ವಾಸನೆ ಬಂತು. ತಲೆ ಎತ್ತಿದೆ. ಮೈತುಂಬ ಧೂಳು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಪಕ್ಕದಲ್ಲಿ ಅವಳು. ಕೈಯಲ್ಲಿ ಹೊಸ ಬಳೆಗಳಿದ್ದವು, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಗಂಡನೇ ಇಡಿಸಿಕೊಂಡು ಬಂದಿದ್ದ. ನಾರಾಯಣಖೇಡದ ಹತ್ತಿರ ಯಾರದೋ ಹೊಲದಲ್ಲಿ ಮಂದೆ ನಿಲ್ಲಿಸಿದ್ದನಂತೆ. ತಮ್ಮ ಹೋಗಿ ಎದುರು ನಿಂತು ಅತ್ತಾಗ, ಮನೆಯಲ್ಲಿ ತಾಯಿ ತೀರಿಕೊಂಡಳೇನೋ ಎಂದು ಇವನೂ ಅತ್ತನಂತೆ.

"ಅಕ್ಕಾರ," ಅಂದ, "ನಾ ಸತ್ತ ಜಾಗಾ ಎಲ್ಲದ, ತೋರಸ್ರಿ."

ಲೆಡ್ಜರು ತಿರುಗಿಸಿ ಕೆಂಪು ಅಕ್ಷರದ ಮೇಲೆ ಬೆರಳಿಟ್ಟೆ. ಅವನು ಬಗ್ಗಿ ನೋಡಿದ. "ಇಷ್ಟ ಅದ?" ಅಂದ. ನಗುತ್ತಿದ್ದನೋ ಸಿಟ್ಟಾಗಿದ್ದನೋ ನನಗೆ ತಿಳಿಯಲಿಲ್ಲ.

ಮ್ಯಾನೇಜರು ಹೊರಗೆ ಬಂದರು. ಆ ಮನುಷ್ಯ ಕಣ್ಣೆದುರು ನಿಂತಿದ್ದ. ಆದರೂ ಅವರು ಅರ್ಜಿ ಬೇಕು, ಇಬ್ಬರು ಸಾಕ್ಷಿ ಬೇಕು, ಇವನು ಬದುಕಿದ್ದಾನೆ ಎಂದು ದೊಡ್ಡ ಅಧಿಕಾರಿಯೊಬ್ಬರ ಸರ್ಟಿಫಿಕೇಟು ಬೇಕು, ಮೇಲಿನ ಕಚೇರಿಯಿಂದ ಒಪ್ಪಿಗೆ ಬರಬೇಕು ಎಂದು ಸಾಲಾಗಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಅವನಿಗೆ ಹೇಳುವಾಗ ನಾಚಿಕೆಯಿಂದ ತಲೆ ಮೇಲೆತ್ತಲಾಗಲಿಲ್ಲ.

"ಸಾಯಾಕ ಆಕಿ ಒಂದ ಮಾತ ಸಾಕಾತು," ಅಂದ ಅವನು. "ಬದಕಾಕ ಇಷ್ಟ ಮಂದಿ ಬೇಕೇನ್ರಿ?"

ಅಕೌಂಟೆಂಟರು ತಮ್ಮ ಜಾಗದಿಂದ ಎದ್ದು ಬಂದರು. ಅವನ ಕೈಯಿಂದ ಒಂದು ಸಹಿ ಹಾಕಿಸಿ, ಮಾದರಿ ಸಹಿಯ ಕಾರ್ಡು ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಮ್ಯಾನೇಜರ ಎದುರೇ ಕೆಂಪು ಬರಹದ ಮೇಲೆ ಗೆರೆ ಎಳೆದು, ತಪ್ಪಾಗಿ ನಮೂದಿಸಿದ್ದು ಅಂತ ಬರೆದು ಸಹಿ ಮಾಡಿದರು. ಮೇಲಿನವರು ಕೇಳಿದರೆ ನಾನು ಉತ್ತರ ಕೊಡುತ್ತೇನೆ ಎಂದರು. ಕುಬಸಕ್ಕೆ ಬೇಕಾದ ಹಣದ ಚೀಟಿಗೆ ಅವಳ ಹೆಬ್ಬೆಟ್ಟು ಒತ್ತಿಸುವಾಗ ಅವರು ಅವಳ ಕೈ ನೋಡಿದ್ದನ್ನು ನಾನು ಕಂಡೆ.

ಎಲ್ಲ ಮುಗಿಯಿತು ಅಂದುಕೊಂಡೆ. ಅವಳು ಮಾತ್ರ ಕೌಂಟರು ಬಿಟ್ಟು ಕದಲಲಿಲ್ಲ.

"ಅಕ್ಕಾರ, ಅತ್ತಿ ನನಗ ಉಡಿ ತುಂಬಾಕ ಬಿಡವಲ್ಲಳು," ಅಂದಳು. "ನನ್ನ ನಾಲಿಗಿ ಛಲೋ ಇಲ್ಲಂತ. ನನ್ನ ಕೈಲಿ ಬಳಿ ಉಳಿಯಂಗಿಲ್ಲಂತ. ಮಗಳ ಕುಬಸಕ್ಕ ಅತ್ತಿ ತವರಿನಾಕಿಗಿ ಹೇಳಿ ಕಳಿಸ್ಯಾಳ. ಆಂವ ಬಂದಾನ, ಕಣ್ಣ ಮುಂದ ಅದಾನ, ಆದ್ರೂ ತಪ್ಪು ನಂದೇ ಅಂತಾಳ. ನಿಮ್ಮ ಸಾಹೇಬ್ರು ಒಂದ ಸಲ ಬಂದು ಆಕಿ ಮುಂದ ಹೇಳಲ್ರಿ."

ಗಂಡ ನೆಲ ನೋಡುತ್ತಿದ್ದ. ಲಾರಿಗೂ ಬ್ಯಾಂಕಿಗೂ ಹೆದರದವನು ತಾಯಿಯ ಎದುರು ಬಾಯಿ ಬಿಡಲಾರ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ಬ್ಯಾಂಕು ಯಾರ ಮನೆಗೂ ಹೋಗಿ ತಪ್ಪಾಯಿತು ಅನ್ನುವ ಪದ್ಧತಿಯಿಲ್ಲ ಎಂದರು ಮ್ಯಾನೇಜರು. ಅಕೌಂಟೆಂಟರು ನನ್ನನ್ನು ಕೇಳಿದರು: "ಕುಬಸ ಯಾವತ್ತು?"

ಕುಬಸ ಐತವಾರ. ಅವತ್ತು ಬ್ಯಾಂಕಿಗೆ ರಜೆ. ನಾನು ಬೀದರಿನಿಂದ ಬಂದೆ, ಅವರು ಜಹೀರಾಬಾದಿನಿಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೀಪು ಹತ್ತಿದರು. ದಾರಿಯುದ್ದಕ್ಕೂ ಒಂದು ಕನ್ನಡದ ಮಾತನ್ನು ನನ್ನಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿದರು.

ಅಂಗಳದಲ್ಲಿ ಬಸುರಿ ಮಗಳನ್ನು ಮಣೆಯ ಮೇಲೆ ಕೂಡಿಸಿದ್ದರು. ತಾಯಿ ಒಳಗಿನ ಬಾಗಿಲ ಹಿಂದೆ ನಿಂತಿದ್ದಳು. ಉಡಿ ತುಂಬುವ ಸಾಮಾನಿನ ಪಕ್ಕ ಬೇರೊಬ್ಬ ಹೆಂಗಸು ಕೂತಿದ್ದಳು. ಅಕೌಂಟೆಂಟರು ನೆಟ್ಟಗೆ ಹೊಸ್ತಿಲ ಹತ್ತಿರ ಹೋಗಿ, ಮುದುಕಿಗೆ ಕೈ ಮುಗಿದು, "ತಪ್ಪು ನಂದು" ಅಂದರು. ಮುಂದಿನದೆಲ್ಲ ತೆಲುಗಿನಲ್ಲಿ ಹೇಳಿದರು.

"ಏನಂತಾರ ಇವ್ರು?" ಅಂತ ಮುದುಕಿ ನನ್ನನ್ನು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಅವರ ಊರಿನಲ್ಲಿ ಹೋಗುವುದಕ್ಕೆ ಒಂದು ಮಾತು, ಸಾಯುವುದಕ್ಕೆ ಒಂದು ಮಾತು, ನಮ್ಮಲ್ಲಿ ಹೋಗುವುದಕ್ಕೆ ಅನ್ನುವ ಮಾತೇ ಅವರಲ್ಲಿ ಸಾಯುವುದಕ್ಕೆ ಎಂದೆ. ಅವಳು ಒಂದೊಂದನ್ನೂ ಕೇಳಿ ತಲೆದೂಗುತ್ತಿದ್ದಳು. ಕೊನೆಗೆ ಕೈ ಎತ್ತಿ ನನ್ನನ್ನು ತಡೆದಳು.

"ಒಂದ ಮಾತು ಸಾಹೇಬ್ರಿಗಿ ಕೇಳಿ ಹೇಳ್ರಿ. ಈಕಿ ಹೋಗಿ ಬರತಾನ ಅಂದಿದ್ರ, ಅವ್ರು ಆ ಕೆಂಪ ಶಾಯಿ ಹಚ್ಚತಿದ್ರೇನು?"

ನಾನು ಅದನ್ನು ತೆಲುಗಿನಲ್ಲಿ ಕೇಳಿದೆ. ಅಕೌಂಟೆಂಟರು ಯೋಚಿಸಿದರು. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೇ ಹೇಳುವ ಜಾತಿಯ ಮನುಷ್ಯ, ಅದೇ ನನಗಿದ್ದ ಭಯ. "ಲೇದು," ಅಂದರು. "ಅಲಾ ಅನಿ ಉಂಟೆ ರಾಸೇವಾಣ್ಣಿ ಕಾದು." ಇಲ್ಲ, ಹಾಗಂದಿದ್ದರೆ ನಾನು ಬರೆಯುತ್ತಿರಲಿಲ್ಲ.

ನಿಜವಾದ ಮಾತು. ಅದನ್ನು ಹಾಗೇ ಹೇಳಿದರೆ, ಆ ಮನೆಯಲ್ಲಿ ಮುಂದೆ ಒಂದು ಕುರಿ ಕುಂಟಿದರೂ, ಬಸುರಿಗೆ ಒಂದು ನೋವು ಬಂದರೂ ಅವಳ ನಾಲಿಗೆಯ ಲೆಕ್ಕಕ್ಕೇ ಬೀಳುತ್ತದೆ. ಬಾಗಿಲ ಹಿಂದೆ ಅವಳ ಬಳೆ ಸದ್ದಾಯಿತು. ಅಂಗಳದಲ್ಲಿ ಕೂತ ಗಂಡಸರಿಗೆಲ್ಲ ತೆಲುಗು ಬರುತ್ತಿತ್ತು. ಸಾಹೇಬರು ಅಂದದ್ದನ್ನು ಎಲ್ಲರೂ ಕೇಳಿಸಿಕೊಂಡು ಈಗ ನನ್ನ ಬಾಯಿ ನೋಡುತ್ತಿದ್ದರು.

"ಅಂದಿದ್ರೂ ಬರೀತಿದ್ದೆ ಅಂತಾರ್ರಿ ಆಯಿ," ಅಂದೆ. "ಅರ್ಧಾ ಮಾತೇ ಕೇಳೀನಿ, ತಲಿ ಎತ್ತಿ ಆಕಿ ಮಾರಿ ನೋಡಿಲ್ಲ, ಆಕಿ ಏನ ಅಂದಿದ್ರೂ ನಾ ತಪ್ಪೇ ಬರೀತಿದ್ದೆ ಅಂತಾರ."

ಯಾರೋ ಕೆಮ್ಮಿದರು. ಗಂಡ ತನ್ನ ಕಂಬಳಿಯ ಅಂಚು ಹಿಡಿದು ಎಳೆ ಎಣಿಸುವವನಂತೆ ನೋಡುತ್ತಿದ್ದ. ಒಬ್ಬರೂ ನನ್ನನ್ನು ತಿದ್ದಲಿಲ್ಲ. ಅಕೌಂಟೆಂಟರು ನನ್ನ ಕಡೆ ತಿರುಗಿದರು. ತಮ್ಮ ಮಾತಿಗಿಂತ ನನ್ನ ಮಾತು ಉದ್ದವಾಯಿತೆಂದು ಅವರಿಗೆ ತಿಳಿದಿತ್ತು. ಆದರೂ "ಔನು", ಹೌದು ಎಂದು ಮುದುಕಿಯ ಎದುರು ಮತ್ತೆ ಕೈ ಮುಗಿದರು.

ಮುದುಕಿ ನನ್ನನ್ನು ಬಹಳ ಹೊತ್ತು ನೋಡಿದಳು. "ಹಂಗಾದ್ರ ಆಕಿದೇನೂ ಇಲ್ಲ," ಅಂದಳು ಕೊನೆಗೆ. ಆಮೇಲೆ ಒಳಗಿನ ಬಾಗಿಲ ಕಡೆ ತಿರುಗಿ, "ಏ, ಅಲ್ಲೇನ ನಿಂತೀದಿ? ಬಾ, ಮಗಳಿಗಿ ಉಡಿ ತುಂಬು" ಎಂದು ಗದರಿದಳು. ಅವಳು ಓಡಿಬಂದಳು. ಅಕ್ಕಿ, ಕೊಬ್ಬರಿ, ಖಣ ಎತ್ತುವ ಅವಸರಕ್ಕೆ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ನಮ್ಮಿಬ್ಬರಿಗೂ ಎಲೆ ಹಾಕಿ ಹೋಳಿಗೆ ಬಡಿಸಿದರು. ಅಕೌಂಟೆಂಟರು ಬೇಡವೆನ್ನದೆ ಉಂಡರು.

ಎಷ್ಟೋ ವಾರಗಳ ಮೇಲೆ, ಜಹೀರಾಬಾದಿನ ಸಂತೆಯ ದಿನ ಆ ಮುದುಕಿ ಹೆಗಲ ಮೇಲೆ ಕಂಬಳಿಗಳ ಮಡಿಕೆ ಹೊತ್ತುಕೊಂಡು ಬ್ಯಾಂಕಿಗೆ ಬಂದಳು. ನನ್ನ ಕೌಂಟರು ದಾಟಿ ಸೀದಾ ಅಕೌಂಟೆಂಟರ ಮೇಜಿನ ಹತ್ತಿರ ಹೋದಳು. ಅವರ ಮುಂದೆ ಒಂದು ಕಂಬಳಿ ಬಿಡಿಸಿ ಹಾಸಿ, ಮಾತು ಶುರುಮಾಡಿದಳು. ನಾನು ಪೆನ್ನು ಹಿಡಿದಲ್ಲೇ ಕಲ್ಲಾದೆ. ಮುದುಕಿ ಬಾಯಿ ತುಂಬ ತೆಲುಗು ಆಡುತ್ತಿದ್ದಳು. ಉಣ್ಣೆ ಎಂಥದು, ನೇಯ್ದವರು ಯಾರು, ಸಮುದ್ರದ ಕಡೆಯವರಿಗೆ ಇಲ್ಲಿಯ ಚಳಿ ಹೇಗೆ ತಡೆದೀತು, ಎಲ್ಲ ತೆಲುಗಿನಲ್ಲಿ. ಅವರು ಒಂದು ಬೆಲೆ ಅಂದರೆ ಅವಳು ನಕ್ಕು ಇನ್ನೊಂದು ಅನ್ನುತ್ತಿದ್ದಳು. ಒಂದು ಮಾತಿಗೂ ಅವಳು ತಡವರಿಸಲಿಲ್ಲ, ಯಾರನ್ನೂ ಅರ್ಥ ಕೇಳಲಿಲ್ಲ. ಬುದ್ಧಿ ಬಂದಾಗಿನಿಂದ ಅದೇ ಸಂತೆಯಲ್ಲಿ ಕಂಬಳಿ ಮಾರಿದವಳೆಂದು ಚಪರಾಸಿ ಆಮೇಲೆ ಹೇಳಿದ.

ಒಂದು ಪೈಸೆ ಬಿಡದೆ ಕಂಬಳಿ ಮಾರಿ, ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಗೆ ಹೋಗುವಾಗ ನನ್ನ ಕೌಂಟರಿನ ಎದುರು ನಿಂತಳು.

"ಅವತ್ತ ಛಂದ ಹೇಳಿದಿ ಯವ್ವಾ," ಅಂದಳು ಕನ್ನಡದಲ್ಲಿ. "ಹೋಗಿ ಬರತೀನಿ."